ಮಂಜಿಗೆ ಕಿವಿ, ಬಿರುಗಾಳಿಗೆ ಆಳ

ಸಬ್‌ಮರೀನ್‌ನಲ್ಲಿ ಕೆಲಸ ಮಾಡಿದವನು ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಎರಡೇ ಪ್ರಶ್ನೆ. ಒಳಗೆ ಉಸಿರು ಕಟ್ಟಲ್ವಾ? ಮೇಲೆ ಗಾಳಿ ಮಳೆ ಜೋರಾದರೆ ನೀವು ಕೆಳಗೆ ಮುಳುಗಿ ಆರಾಮಾಗಿ ಇರ್ತೀರಲ್ವಾ? ಮೊದಲನೆಯದಕ್ಕೆ ನಕ್ಕು ಸುಮ್ಮನಾಗುತ್ತೇನೆ. ಎರಡನೆಯದಕ್ಕೆ ಮಾತ್ರ ಉತ್ತರ ಉದ್ದ ಇದೆ. ಮುಳುಗಬಹುದು, ಆದರೆ ಎಷ್ಟು ಹೊತ್ತು? ಮುಳುಗಿದ ಮೇಲೆ ಏನು ಕೇಳಿಸುತ್ತದೆ? ಮತ್ತೆ ಮೇಲೆ ಬರುವುದು ಯಾವಾಗ? ಯುದ್ಧಕಾಲದಲ್ಲಿ ಕ್ಯಾಪ್ಟನ್ ಒಬ್ಬ ಗೆದ್ದದ್ದೂ ಸತ್ತದ್ದೂ ಈ ಮೂರು ಪ್ರಶ್ನೆಗಳ ಮೇಲೆಯೇ.

ನಾನು ಕ್ಯಾಪ್ಟನ್ ಆಗಿದ್ದವನಲ್ಲ. ನೀರಿನೊಳಗಿನ ಸದ್ದು ಹಿಡಿಯುವ ಸೋನಾರ್ ಮುಂದೆ ಕೂತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸರ್ವಿಸ್ ಕಳೆದವನು. ಉತ್ತರ ಕನ್ನಡದ ಕರಾವಳಿಯವನು. ಮೊದಲು ಫಾಕ್ಸ್‌ಟ್ರಾಟ್ ದರ್ಜೆಯ ಬೋಟ್, ಆಮೇಲೆ ಕಿಲೋ ದರ್ಜೆಯದು. ಎರಡೂ ರಷ್ಯದಲ್ಲಿ ಕಟ್ಟಿದವು, ಎರಡೂ ಡೀಸೆಲ್ ಮತ್ತು ಬ್ಯಾಟರಿಯವು. ಹಾಗಾಗಿ ಎರಡನೇ ಮಹಾಯುದ್ಧದ ಕ್ಯಾಪ್ಟನ್‌ಗಳ ಕಷ್ಟ ನನಗೆ ಪುಸ್ತಕದ ಕಥೆಯಾಗಿ ಕಾಣಲಿಲ್ಲ. ಅವರ ಬೋಟಿನ ಮಿತಿಗಳು ಹೆಚ್ಚು ಕಡಿಮೆ ನಮ್ಮ ಬೋಟಿನವೂ ಆಗಿದ್ದವು. ಬ್ಯಾಟರಿ ಖಾಲಿಯಾದರೆ ಮೇಲೆ ಬರಲೇಬೇಕು ಎನ್ನುವುದು 1943ರಲ್ಲೂ ನಿಜ, ನಮ್ಮ ಕಾಲದಲ್ಲೂ ನಿಜ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮಂಜನ್ನೂ ಬಿರುಗಾಳಿಯನ್ನೂ ಎಲ್ಲರೂ "ಕೆಟ್ಟ ಹವೆ" ಎಂದು ಒಂದೇ ಗಂಟಿನಲ್ಲಿ ಕಟ್ಟುತ್ತಾರೆ. ನೀರಿನ ಕೆಳಗೆ ಕೂತವನಿಗೆ ಇವೆರಡೂ ತದ್ವಿರುದ್ಧ. ಮಂಜು ದಟ್ಟವಾಗಿ ಕೂತಾಗ ಸಮುದ್ರ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಕಣ್ಣು ಹೋಗುತ್ತದೆ, ಕಿವಿ ಚುರುಕಾಗುತ್ತದೆ. ಬಿರುಗಾಳಿಯಲ್ಲಿ ಅಲೆಯ ಸದ್ದು, ಮಳೆಯ ಸದ್ದು ಸೇರಿ ಕಿವಿಯೇ ಮುಚ್ಚಿಹೋಗುತ್ತದೆ. ಶತ್ರುವಿನ ಲೆಕ್ಕವೂ ಹೀಗೆಯೇ. ಶಾಂತ ಸಮುದ್ರದ ಮೇಲೆ ಮಂಜಿದ್ದರೆ ಅವನ ರೇಡಾರ್‌ಗೆ ಏನೂ ಅಡ್ಡಿಯಿಲ್ಲ, ನೀರಿನ ಮೇಲೆ ನಮ್ಮ ಗೋಪುರದ ತುದಿ ಇದ್ದರೂ ತೆರೆಯ ಮೇಲೆ ಚುಕ್ಕಿ ಬೀಳುತ್ತದೆ. ದೊಡ್ಡ ಅಲೆಗಳಿದ್ದರೆ ರೇಡಾರ್ ತೆರೆ ತುಂಬ ಅಲೆಗಳದ್ದೇ ಕಸ, ಅದರ ನಡುವೆ ಸಣ್ಣ ಸಬ್‌ಮರೀನ್ ಕಳೆದುಹೋಗುತ್ತದೆ. ಅವನ ಸೋನಾರ್ ಕೂಡ ಅಲೆಯ ಹೊಡೆತಕ್ಕೆ ಅರ್ಧ ಕೆಟ್ಟಿರುತ್ತದೆ. ಅಂದರೆ ಮಂಜಿನಲ್ಲಿ ಇಬ್ಬರೂ ಚುರುಕು, ಬಿರುಗಾಳಿಯಲ್ಲಿ ಇಬ್ಬರೂ ಮೊದ್ದು. ಇದನ್ನು ಅರ್ಥ ಮಾಡಿಕೊಂಡ ಕ್ಯಾಪ್ಟನ್ ಎರಡಕ್ಕೂ ಬೇರೆ ಬೇರೆ ಆಟ ಆಡುತ್ತಿದ್ದ.

ನಮ್ಮ ಕಡೆಯ ಸಮುದ್ರದಲ್ಲಿ ನಿಜವಾದ ದಟ್ಟ ಮಂಜು ಅಪರೂಪ. ಬೇಸಿಗೆಯ ಮಬ್ಬು, ಅರಬ್ಬಿ ಸಮುದ್ರದ ಮೇಲೆ ಮರುಭೂಮಿಯಿಂದ ಬರುವ ಧೂಳು, ಮಳೆಗಾಲದ ಧಾರೆ, ಇವೇ ನಮಗೆ ಕಣ್ಣು ಕಟ್ಟುವುದು. ಚಳಿಗಾಲದಲ್ಲಿ ಬಂಗಾಳಕೊಲ್ಲಿಯ ಉತ್ತರ ತುದಿಯಲ್ಲಿ, ಹೂಗ್ಲಿ ನದಿ ಸೇರುವ ಕಡೆ, ಬೆಳಗಿನ ಜಾವ ಸ್ವಲ್ಪ ಮಂಜು ಕಾಣಬಹುದು. ನಾನು ಮಂಜು ಅಂದರೆ ಏನು ಎಂದು ಕಲಿತದ್ದು ಬಾಲ್ಟಿಕ್ ಸಮುದ್ರದಲ್ಲಿ. ಕಿಲೋ ದರ್ಜೆಯ ಮೊದಲ ಬೋಟು ಸಿಂಧುಘೋಷ್ 1986ರ ಏಪ್ರಿಲ್ 30ರಂದು ರೀಗಾದಲ್ಲಿ ನೌಕಾಪಡೆಗೆ ಸೇರಿತು. ಆ ದರ್ಜೆಯ ಬೋಟುಗಳ ತರಬೇತಿಗೆ ನಮ್ಮಂಥ ಸಿಬ್ಬಂದಿ ಅಲ್ಲಿಗೇ ಹೋಗುತ್ತಿದ್ದರು. ಚಳಿಗಾಲ ಕಳೆದು ನೀರು ಇನ್ನೂ ಮಂಜುಗಡ್ಡೆಯಷ್ಟು ತಣ್ಣಗಿರುವಾಗ ಮೇಲಿಂದ ಬೆಚ್ಚನೆಯ ಗಾಳಿ ಬೀಸುತ್ತದೆ. ಆಗ ನೋಡನೋಡುತ್ತಿದ್ದಂತೆ ಸಮುದ್ರ ಮಾಯ. ಬ್ರಿಡ್ಜ್ ಮೇಲೆ, ಅಂದರೆ ಗೋಪುರದ ತುದಿಯ ಕಾವಲು ಕಟ್ಟೆಯ ಮೇಲೆ, ನಿಂತವನಿಗೆ ತನ್ನ ಬೋಟಿನ ಮೂತಿಯೇ ಕಾಣುವುದಿಲ್ಲ.

ಶಾಂತಿಕಾಲದಲ್ಲಿ ಇದಕ್ಕೆ ಅಂತಾರಾಷ್ಟ್ರೀಯ ನಿಯಮ ಇದೆ. ಎಂಜಿನ್ ಮೇಲೆ ಓಡುವ ಹಡಗು ಎರಡು ನಿಮಿಷ ಮೀರದಂತೆ ಒಂದೊಂದು ಉದ್ದ ಸಿಳ್ಳೆ ಊದುತ್ತಿರಬೇಕು. ವೇಗ ಕಡಿಮೆ ಮಾಡಬೇಕು. ದೀಪ ಹಚ್ಚಿರಬೇಕು. ಯುದ್ಧಕಾಲದಲ್ಲಿ ಸಿಳ್ಳೆ ಇಲ್ಲ, ದೀಪ ಇಲ್ಲ, ರೇಡಾರ್ ಹಾಕಿದರೆ "ನಾನಿಲ್ಲಿದ್ದೇನೆ" ಎಂದು ಕೂಗಿದ ಹಾಗೆ. ಉಳಿಯುವುದು ಕಿವಿ ಒಂದೇ.

ಕಿವಿ ಕೆಲಸ ಮಾಡಬೇಕೆಂದರೆ ಮೊದಲು ನಮ್ಮ ಸದ್ದು ನಿಲ್ಲಬೇಕು. ಫಾಕ್ಸ್‌ಟ್ರಾಟ್‌ನಲ್ಲಿ ಮೂರು ಡೀಸೆಲ್, ಮೂರು ಪ್ರೊಪೆಲ್ಲರ್. ಡೀಸೆಲ್‌ಗಳು ಓಡುತ್ತಿರುವಾಗ ಹೆಡ್‌ಫೋನ್ ಹಾಕಿ ಕೂತರೆ ಗಿರಣಿಯ ಒಳಗೆ ಕೂತು ಪಕ್ಕದ ಬೀದಿಯ ಮಾತು ಕೇಳಲು ಹೊರಟಂತೆ. ಆದ್ದರಿಂದ ಆಗಾಗ ಡೀಸೆಲ್ ನಿಲ್ಲಿಸಿ, ಬ್ಯಾಟರಿಯ ಮೇಲೆ ಮೆಲ್ಲಗೆ ಸಾಗುತ್ತ ಕೇಳುವುದು. ಫ್ಯಾನ್ ಬಂದ್, ಅಡುಗೆಮನೆ ಬಂದ್, ಓಡಾಟ ಬಂದ್. ಯಾರಾದರೂ ಸ್ಪಾನರ್ ಬೀಳಿಸಿದರೆ ಇಡೀ ಬೋಟು ಅವನ ಕಡೆ ನೋಡುತ್ತದೆ. ಕ್ಯಾಪ್ಟನ್ ಕಂಟ್ರೋಲ್ ರೂಮಿನಲ್ಲಿ ನಿಂತು ನಮ್ಮ ಬಾಯಿಯನ್ನೇ ನೋಡುತ್ತಿರುತ್ತಾನೆ. ನನ್ನ ಕೆಲಸ ಇಷ್ಟೇ: ಸದ್ದು ಯಾವ ದಿಕ್ಕಿನಿಂದ, ಯಾವ ಥರದ ಹಡಗು, ದಿಕ್ಕು ಬದಲಾಗುತ್ತಿದೆಯೋ ಇಲ್ಲವೋ.

ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಸದ್ದಿನ ದಿಕ್ಕು ಎಡಕ್ಕೋ ಬಲಕ್ಕೋ ಸರಿಯುತ್ತಿದ್ದರೆ ಆ ಹಡಗು ನಮ್ಮನ್ನು ದಾಟಿ ಹೋಗುತ್ತದೆ. ದಿಕ್ಕು ಅಲ್ಲಾಡದೆ ಸದ್ದು ಮಾತ್ರ ಹೆಚ್ಚುತ್ತ ಬಂದರೆ ಅದು ನೇರ ನಮ್ಮ ಮೇಲೆಯೇ ಬರುತ್ತಿದೆ. "ಬೇರಿಂಗ್ ಸ್ಟೆಡಿ" ಎಂದು ನಾನು ಹೇಳಿದಾಗ ಕಂಟ್ರೋಲ್ ರೂಮಿನಲ್ಲಿ ಮಾತೇ ನಿಲ್ಲುತ್ತಿತ್ತು. ಹಡಗಿನ ಬಗೆ ಗುರುತಿಸುವುದು ಅಭ್ಯಾಸದ ಮಾತು. ಸರಕು ಹಡಗಿನ ಪ್ರೊಪೆಲ್ಲರ್ ನಿಧಾನ, ಬಡಿತ ಭಾರ. ಬಡಿತ ಎಣಿಸಿದರೆ ಪ್ರೊಪೆಲ್ಲರ್ ನಿಮಿಷಕ್ಕೆ ಎಷ್ಟು ಸುತ್ತುತ್ತಿದೆ ಎಂಬ ಅಂದಾಜು ಸಿಗುತ್ತದೆ, ಅದರಿಂದ ವೇಗದ ಅಂದಾಜು. ಯುದ್ಧನೌಕೆಯದು ಬಿಗಿಯಾದ, ಬೇಗ ಬೇಗನೆಯ ಸದ್ದು. ಮೀನುಗಾರಿಕೆ ಬೋಟು ಡೀಸೆಲ್ ಕುಟ್ಟುತ್ತ ಬರುತ್ತದೆ, ಅದರ ದಾರಿಗೆ ಗೊತ್ತುಗುರಿ ಇರುವುದಿಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಆಳ ಕಡಿಮೆ ಇರುವ ಕಡೆ ಸಿಗಡಿಗಳ ಚಟಪಟ ಬೇರೆ. ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದ ಹಾಗೆ ಇರಲು ಕಲಿಯಬೇಕು.

ಕಿವಿಗೂ ಒಂದು ದೊಡ್ಡ ಕುರುಡು ಇದೆ. ಮಂಜು ಬಿದ್ದಾಗ ಮೇಲಿನ ಹಡಗುಗಳೂ ವೇಗ ಇಳಿಸುತ್ತವೆ. ನಿಧಾನ ಹೋಗುವ ಹಡಗಿನ ಸದ್ದು ಕಡಿಮೆ. ಲಂಗರು ಹಾಕಿ ನಿಂತ ಹಡಗಂತೂ ಗಂಟೆ ಬಾರಿಸುತ್ತಿದ್ದರೂ ಅದು ಗಾಳಿಯಲ್ಲಿ ಕೇಳುವ ಗಂಟೆ, ನೀರಿನ ಕೆಳಗೆ ನಮಗೆ ಅದು ಇಲ್ಲವೇ ಇಲ್ಲ. ಆದ್ದರಿಂದ "ಏನೂ ಕೇಳಿಸುತ್ತಿಲ್ಲ" ಎಂಬ ನನ್ನ ವರದಿಯನ್ನು ಒಳ್ಳೆಯ ಕ್ಯಾಪ್ಟನ್ ಯಾವತ್ತೂ "ಏನೂ ಇಲ್ಲ" ಎಂದು ತೆಗೆದುಕೊಳ್ಳುತ್ತಿರಲಿಲ್ಲ.

ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮರೀನುಗಳ, ಅಂದರೆ ಯು-ಬೋಟುಗಳ, ಕ್ಯಾಪ್ಟನ್‌ಗಳು ಮಂಜಿನಲ್ಲಿ ಮಾಡುತ್ತಿದ್ದದ್ದೂ ಇದೇ. ಅವರ ಮಾಮೂಲಿ ಬೇಟೆ ನೀರಿನ ಮೇಲೆ, ಕಣ್ಣಿನಿಂದ. ಬ್ರಿಡ್ಜ್ ಮೇಲೆ ನಾಲ್ವರು ಕಾವಲು, ಒಬ್ಬೊಬ್ಬನಿಗೆ ಸಮುದ್ರದ ಕಾಲು ಭಾಗ, ನಾಲ್ಕು ಗಂಟೆಯ ಪಾಳಿ. ಆದರೆ ಬೋಟಿನ ಬ್ರಿಡ್ಜ್ ನೀರಿನಿಂದ ಹೆಚ್ಚು ಎತ್ತರವಿಲ್ಲ, ಮಂಜು ಬಂದರೆ ಆ ನಾಲ್ವರು ಇದ್ದೂ ಒಂದೇ, ಇಲ್ಲದೆಯೂ ಒಂದೇ. ಆಗ ಮುಳುಗಿ ಕೇಳುವುದು. ಅವರ ಟೈಪ್ 7 ದರ್ಜೆಯ ಬೋಟಿನ ಮೂತಿಯ ಬಳಿ ಎರಡೂ ಬದಿಗೆ 24ರಂತೆ, ನೀರಿನೊಳಗಿನ ಸದ್ದು ಹಿಡಿಯುವ ಹೈಡ್ರೋಫೋನ್‌ಗಳ ಸಾಲು ಇತ್ತು. ನೀರು ಅನುಕೂಲವಾಗಿದ್ದರೆ ಹಡಗುಗಳ ದೊಡ್ಡ ಗುಂಪಿನ ಸದ್ದನ್ನು ಹತ್ತಾರು ಕಿಲೋಮೀಟರ್ ದೂರದಿಂದ ಹಿಡಿಯುತ್ತಿತ್ತು. ಬ್ರಿಡ್ಜ್ ಮೇಲಿನ ಕಣ್ಣಿಗಿಂತ ಇದೇ ದೂರ ಹೋಗುತ್ತಿತ್ತು ಎಂದರೆ ತಪ್ಪಲ್ಲ.

ಹಾಗಾದರೆ ಕಷ್ಟ ಎಲ್ಲಿ? ಮುಳುಗಿದ ಬೋಟಿಗೆ ಓಟವಿಲ್ಲ. ಟೈಪ್ 7ಸಿ ನೀರಿನ ಮೇಲೆ 17 ನಾಟ್ (ಗಂಟೆಗೆ 17 ನಾಟಿಕಲ್ ಮೈಲಿ) ಓಡುತ್ತಿತ್ತು. ಕೆಳಗೆ 4 ನಾಟ್ ವೇಗದಲ್ಲಿ ಹೋದರೆ ಸುಮಾರು 80 ನಾಟಿಕಲ್ ಮೈಲಿಗೆ ಬ್ಯಾಟರಿ ಮುಗಿಯುತ್ತದೆ. ಅತಿ ನಿಧಾನದ ಸರಕು ಹಡಗುಗಳ ಗುಂಪೂ 7 ನಾಟ್ ಹೋಗುತ್ತದೆ. ಕೇಳಿಸಿಕೊಂಡವನು ಬೆನ್ನು ಹತ್ತಬೇಕೆಂದರೆ ಮತ್ತೆ ಮೇಲೆ ಬರಬೇಕು, ಮಂಜಿನೊಳಗೆ ಕುರುಡನಾಗಿ ಓಡಬೇಕು, ಮತ್ತೆ ಮುಳುಗಿ ಕೇಳಬೇಕು. ಏಳು, ಓಡು, ಮುಳುಗು, ಕೇಳು. ಎದುರಾಳಿಯ ಬಳಿ ರೇಡಾರ್ ಇಲ್ಲದಿದ್ದಷ್ಟು ದಿನ ಈ ಆಟ ನಡೆಯಿತು.

1943ರ ಮೇ ತಿಂಗಳಲ್ಲಿ ಅದು ಮುಗಿಯಿತು. ನಾನು ಸಬ್‌ಮರೀನ್ ಸ್ಕೂಲಿನ ಹುಡುಗರಿಗೆ ಮಂಜಿನ ಪಾಠ ಹೇಳುವಾಗಲೆಲ್ಲ ಒಎನ್‌ಎಸ್-5 ಎಂಬ ಹಡಗು ಗುಂಪಿನ ಕಥೆಯನ್ನೇ ಹೇಳುತ್ತಿದ್ದೆ, ಏಕೆಂದರೆ ಅದರಲ್ಲಿ ಬಿರುಗಾಳಿ, ಮಂಜು ಎರಡೂ ಇವೆ, ಒಂದರ ಹಿಂದೆ ಒಂದು. ಬ್ರಿಟನ್ನಿನಿಂದ ಉತ್ತರ ಅಮೆರಿಕಕ್ಕೆ ಹೊರಟ ನಿಧಾನದ ಗುಂಪು ಅದು. ಬೆಂಗಾವಲಿನ ಮುಖ್ಯಸ್ಥ ಕಮಾಂಡರ್ ಪೀಟರ್ ಗ್ರೆಟನ್. ಮೊದಲು ದಿನಗಟ್ಟಲೆ ಬಿರುಗಾಳಿ. ಹಡಗುಗಳು ಚದುರಿದವು. ಸಮುದ್ರದ ಮೇಲೆಯೇ ಎಣ್ಣೆ ತುಂಬಿಸಿಕೊಳ್ಳಲು ಅಲೆ ಬಿಡಲಿಲ್ಲ, ಗ್ರೆಟನ್‌ನ ಸ್ವಂತ ಹಡಗು ಡಂಕನ್ ಎಣ್ಣೆ ಸಾಲದೆ ಗುಂಪನ್ನು ಬಿಟ್ಟು ಹೋಗಬೇಕಾಯಿತು. ಜವಾಬ್ದಾರಿ ಟೇ ಎಂಬ ಹಡಗಿನ ರಾಬರ್ಟ್ ಶೆರ್ವುಡ್ ಹೆಗಲಿಗೆ ಬಿತ್ತು. ಗಾಳಿ ಇಳಿದ ಕೂಡಲೇ ಸುಮಾರು ನಲವತ್ತು ಯು-ಬೋಟುಗಳ ಬಲೆ ಇವರ ಮೇಲೆ ಬಿತ್ತು. ಹಡಗುಗಳು ಒಂದರ ಹಿಂದೆ ಒಂದು ಮುಳುಗಿದವು. ಮೇ 5ರ ರಾತ್ರಿ ಇನ್ನಷ್ಟು ದೊಡ್ಡ ಬೇಟೆಗೆ ಜರ್ಮನ್ನರು ಸಿದ್ಧರಾಗಿದ್ದರು.

ಅಷ್ಟರಲ್ಲಿ ನ್ಯೂಫೌಂಡ್‌ಲ್ಯಾಂಡ್ ಕಡೆಯ ಮಂಜು ಇಳಿಯಿತು.

ಬ್ರಿಟಿಷ್ ಬೆಂಗಾವಲು ಹಡಗುಗಳಲ್ಲಿ 271 ಎಂಬ ರೇಡಾರ್ ಇತ್ತು. 10 ಸೆಂಟಿಮೀಟರ್ ರೇಡಿಯೋ ಅಲೆಯದು. ಯು-ಬೋಟುಗಳಲ್ಲಿ ರೇಡಾರ್ ಎಚ್ಚರಿಕೆಗೆ ಮೆಟಾಕ್ಸ್ ಎಂಬ ಉಪಕರಣ ಇತ್ತು, ಆದರೆ ಅದು ಹಿಡಿಯುತ್ತಿದ್ದದ್ದು ಹಳೆಯ, ಮೀಟರ್ ಲೆಕ್ಕದ ಉದ್ದನೆಯ ಅಲೆಗಳನ್ನು. 10 ಸೆಂಟಿಮೀಟರ್ ಅದಕ್ಕೆ ಕೇಳಿಸುವುದೇ ಇಲ್ಲ. ಹೀಗಾಗಿ ಒಬ್ಬನಿಗೆ ಎಲ್ಲ ಕಾಣುತ್ತಿದೆ, ಇನ್ನೊಬ್ಬನಿಗೆ ತನ್ನನ್ನು ಯಾರೋ ನೋಡುತ್ತಿದ್ದಾರೆ ಎನ್ನುವುದೂ ಗೊತ್ತಿಲ್ಲ. ಒರಿಬಿ ಎಂಬ ಡೆಸ್ಟ್ರಾಯರ್ ಮಂಜಿನೊಳಗಿಂದ ಬಂದು ಯು-125ಕ್ಕೆ ನೇರ ಡಿಕ್ಕಿ ಹೊಡೆಯಿತು. ಗಾಯಗೊಂಡು ಮುಳುಗಲಾಗದೆ ನಿಂತಿದ್ದ ಆ ಬೋಟನ್ನು ಸ್ನೋಫ್ಲೇಕ್ ಎಂಬ ಇನ್ನೊಂದು ಹಡಗು ಹುಡುಕಿ ಮುಗಿಸಿತು. ಆ ಇಡೀ ಕಾಳಗದಲ್ಲಿ 6 ಯು-ಬೋಟುಗಳು ಹೋದವು, ಹೆಚ್ಚಿನವು ಆ ಮಂಜಿನ ರಾತ್ರಿಯೇ. ಗುಂಪಿನಿಂದ 13 ಸರಕು ಹಡಗುಗಳು ಮುಳುಗಿದ್ದವು ನಿಜ. ಆದರೆ ಮಂಜು ಬಿದ್ದ ಮೇಲೆ ಜರ್ಮನ್ನರಿಗೆ ಏನೂ ಸಿಗಲಿಲ್ಲ. ಆ ತಿಂಗಳು ಒಟ್ಟು 41 ಯು-ಬೋಟುಗಳನ್ನು ಕಳೆದುಕೊಂಡು ಮೇ 24ರಂದು ಜರ್ಮನ್ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡೋನಿಟ್ಸ್ ಉತ್ತರ ಅಟ್ಲಾಂಟಿಕ್‌ನಿಂದ ತನ್ನ ಬೋಟುಗಳನ್ನು ಹಿಂದಕ್ಕೆ ಕರೆಸಿಕೊಂಡ.

ಹುಡುಗರು ಇಲ್ಲಿ ಕೇಳುತ್ತಿದ್ದರು: ಆ ರಾತ್ರಿ ನೀವಿದ್ದರೆ ಏನು ಮಾಡುತ್ತಿದ್ದಿರಿ ಸರ್? ಮಂಜು ಇಳಿದ ಕ್ಷಣವೇ ಮುಳುಗಿ, ಕೇಳುತ್ತ ದೂರ ಸರಿಯುವುದು. ಬೇಟೆ ಹೋದರೆ ಹೋಗಲಿ. ಆದರೆ ಹಾಗೆ ಹೇಳುವುದು ನನಗೆ ಸುಲಭ. 10 ಸೆಂಟಿಮೀಟರ್ ರೇಡಾರ್ ಇದೆ ಎನ್ನುವುದು ನನಗೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಮಂಜು ಅವರನ್ನು ಮುಚ್ಚಿಡುವ ಹೊದಿಕೆ.

ಅದೇ ಮಂಜು ಪೆಸಿಫಿಕ್‌ನಲ್ಲಿ ತಿರುಗಾ ಮುರುಗಾ. ಅಮೆರಿಕನ್ ಸಬ್‌ಮರೀನ್‌ಗಳಲ್ಲೇ 1942ರಿಂದ ಎಸ್‌ಜೆ ಎಂಬ 10 ಸೆಂಟಿಮೀಟರ್ ರೇಡಾರ್ ಬಂತು. ಜಪಾನಿನ ಹಡಗುಗಳು ರೇಡಾರ್‌ನಲ್ಲಿ ಬಹಳ ಹಿಂದೆ. ಹೀಗಾಗಿ ಮಂಜು, ಕತ್ತಲೆ, ಮಳೆ, ಎಲ್ಲವೂ ಅಮೆರಿಕನ್ ಕ್ಯಾಪ್ಟನ್‌ಗೆ ಅನುಕೂಲ. ಮೇಲೆಯೇ ಇದ್ದು, ಕಣ್ಣಿನಿಂದ ಏನನ್ನೂ ನೋಡದೆ, ತೆರೆಯ ಮೇಲಿನ ದೂರ ಮತ್ತು ದಿಕ್ಕನ್ನೇ ಲೆಕ್ಕ ಹಾಕುವ ಯಂತ್ರಕ್ಕೆ ಕೊಟ್ಟು ಟಾರ್ಪಿಡೋ ಬಿಡಬಹುದಿತ್ತು.

ಆ ಅನುಕೂಲದ ಬೆಲೆಯೂ ಒಂದು ಸಲ ಗೊತ್ತಾಯಿತು. 1945ರ ಏಪ್ರಿಲ್ 1ರ ರಾತ್ರಿ ತೈವಾನ್ ಜಲಸಂಧಿಯಲ್ಲಿ ದಟ್ಟ ಮಂಜು. ಕ್ವೀನ್‌ಫಿಶ್ ಎಂಬ ಸಬ್‌ಮರೀನ್, ಕ್ಯಾಪ್ಟನ್ ಚಾರ್ಲ್ಸ್ ಎಲಿಯಟ್ ಲಾಫ್ಲಿನ್. ರೇಡಾರ್‌ನಲ್ಲಿ ಒಂಟಿ ಹಡಗು, ವೇಗ ಜೋರು, ಡೆಸ್ಟ್ರಾಯರ್ ಇರಬೇಕು ಎಂಬ ಅಂದಾಜು. ನಾಲ್ಕು ಟಾರ್ಪಿಡೋ ಬಿಟ್ಟರು, ನಾಲ್ಕೂ ತಾಗಿದವು. ಅದು ಜಪಾನಿನ ಆವಾ ಮಾರು. ಯುದ್ಧಕೈದಿಗಳಿಗೆ ಪರಿಹಾರ ಸಾಮಗ್ರಿ ಒಯ್ದಿದ್ದಕ್ಕಾಗಿ ಅಮೆರಿಕವೇ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದ ಹಡಗು. ಮೈಮೇಲೆ ಬಿಳಿಯ ಶಿಲುಬೆ ಗುರುತು, ದೀಪ, ಎಲ್ಲ ಇತ್ತು. ಮಂಜಿನಲ್ಲಿ ಯಾರು ನೋಡಬೇಕು? ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು, ಕ್ವೀನ್‌ಫಿಶ್ ಎತ್ತಿಕೊಂಡದ್ದು ಒಬ್ಬನನ್ನು. ಲಾಫ್ಲಿನ್ ಸೈನಿಕ ನ್ಯಾಯಾಲಯಕ್ಕೆ ಹೋಗಬೇಕಾಯಿತು. ರೇಡಾರ್ ಆಗಲಿ ಸೋನಾರ್ ಆಗಲಿ "ಏನೋ ಇದೆ, ಇಷ್ಟು ದೂರ, ಇಷ್ಟು ವೇಗ" ಎನ್ನುತ್ತದೆ. "ಯಾರು" ಎನ್ನುವುದು ಹೆಚ್ಚಿನ ಸಲ ನಮ್ಮ ಊಹೆ. ನನ್ನ ವರದಿಯಲ್ಲಿ "ಬಹುಶಃ ಯುದ್ಧನೌಕೆ" ಎಂದು ಹೇಳುವಾಗ ಆ "ಬಹುಶಃ" ಮೇಲೆ ನಾನು ಸ್ವಲ್ಪ ಒತ್ತು ಹಾಕುತ್ತಿದ್ದೆ. ಕೆಲವು ಆಫೀಸರ್‌ಗಳಿಗೆ ಅದು ಇಷ್ಟವಾಗುತ್ತಿರಲಿಲ್ಲ.

ಇನ್ನು ಬಿರುಗಾಳಿ. ಇದು ನಮಗೆ ಊರಿನದೇ ವಿಷಯ. ಜೂನ್, ಜುಲೈ ತಿಂಗಳಲ್ಲಿ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲೇ ಇರುತ್ತವೆ, ಮೀನುಗಾರಿಕೆಗೆ ನಿಷೇಧ. ಸಬ್‌ಮರೀನ್‌ಗೆ ಆ ರಜೆ ಇಲ್ಲ.

ಮುಳುಗಿದರೆ ಅಲೆ ತಾಗುವುದಿಲ್ಲ ಎನ್ನುವುದು ಅರ್ಧ ನಿಜ. ಅಲೆಯ ಅಲುಗಾಟ ಕೆಳಗೆ ಹೋದಂತೆ ಕಡಿಮೆಯಾಗುತ್ತದೆ. ಒಂದು ಅಲೆಯ ತಲೆಯಿಂದ ಮುಂದಿನ ಅಲೆಯ ತಲೆಗೆ ಎಷ್ಟು ದೂರವೋ, ಅದರ ಅರ್ಧದಷ್ಟು ಆಳಕ್ಕೆ ಹೋದರೆ ಹೆಚ್ಚು ಕಡಿಮೆ ಶಾಂತ. ಅಲೆಗಳ ನಡುವೆ 150 ಮೀಟರ್ ಇದ್ದರೆ 75 ಮೀಟರ್ ಆಳ ಬೇಕು. ಮಹಾಸಾಗರದ ದೊಡ್ಡ ಬಿರುಗಾಳಿಯಲ್ಲಿ 40 ಮೀಟರ್ ಕೆಳಗೂ ಬೋಟು ತೂಗುತ್ತಲೇ ಇರುತ್ತದೆ. ಯು-ಬೋಟ್ ಕ್ಯಾಪ್ಟನ್‌ಗಳು ಆಗಾಗ ಕೆಲವು ಗಂಟೆ ಕೆಳಗೆ ಹೋಗಿ ಸಿಬ್ಬಂದಿಗೆ ಒಂದು ಊಟ, ಒಂದು ನಿದ್ದೆ ಕೊಡಿಸುತ್ತಿದ್ದರು. ಒಣ ಬಟ್ಟೆ ಎನ್ನುವುದು ಆಗ ಇರುತ್ತಿರಲಿಲ್ಲ, ಅದನ್ನು ಕೇಳಬೇಡಿ.

ಮೇಲಿದ್ದಾಗ ಕಾವಲಿನವರಿಗೆ ಬೆಲ್ಟ್. ಉಕ್ಕಿನ ಕೊಂಡಿಯಿಂದ ಬ್ರಿಡ್ಜಿಗೆ ತಮ್ಮನ್ನು ಕಟ್ಟಿಕೊಂಡು ನಿಲ್ಲುತ್ತಿದ್ದರು. ಹಿಂದಿನಿಂದ ಬಂದ ದೊಡ್ಡ ಅಲೆ ಇಡೀ ಗೋಪುರವನ್ನೇ ಮುಚ್ಚಿ ಹೋಗುತ್ತದೆ. 1941ರ ಅಕ್ಟೋಬರ್ 23ರಂದು ಯು-106ರಲ್ಲಿ ಪಾಳಿ ಬದಲಿಸಲು ಮೇಲೆ ಹೋದವರಿಗೆ ಬ್ರಿಡ್ಜ್ ಖಾಲಿ ಸಿಕ್ಕಿತು. ನಾಲ್ವರನ್ನೂ ಅಲೆ ಒಯ್ದಿತ್ತು. ಒಳಗಿದ್ದವರಿಗೆ ಯಾವಾಗ ಎಂದೂ ಗೊತ್ತಾಗಿರಲಿಲ್ಲ. ಫಾಕ್ಸ್‌ಟ್ರಾಟ್‌ನ ಬ್ರಿಡ್ಜ್ ಮೇಲೆ ಮಳೆಗಾಲದಲ್ಲಿ ನಿಂತ ಯಾರೂ ಬೆಲ್ಟಿನ ಬಗ್ಗೆ ಸೋಮಾರಿತನ ಮಾಡುವುದಿಲ್ಲ. ನಾನು ರೀಗಾದಿಂದ ಮನೆಗೆ ಬರುವ ದಾರಿಯಲ್ಲಿ ಬಿಸ್ಕೆ ಕೊಲ್ಲಿಯಲ್ಲಿ ಒಮ್ಮೆ ಗಾಳಿ ಕುಡಿಯಲು ಮೇಲೆ ಹೋಗಿ, ಒಂದು ನೋಟ ನೋಡಿ, ಸುಮ್ನೆ ಇಳಿದು ಬಂದೆ.

ಬಿರುಗಾಳಿಯಲ್ಲಿ ಹೊಡೆಯುವುದು ಬಹುಪಾಲು ವ್ಯರ್ಥ. ಪೆರಿಸ್ಕೋಪ್ ಮುಂದೆ ಒಂದು ಕ್ಷಣ ಆಕಾಶ, ಮರುಕ್ಷಣ ಹಸಿರು ನೀರು. ಹೆಚ್ಚು ಎತ್ತಿದರೆ ಬೋಟೇ ಹೊರಗೆ ಚಿಮ್ಮುವ ಭಯ. ಟಾರ್ಪಿಡೋ ತನ್ನ ಆಳ ಹಿಡಿಯಲಾಗದೆ ಮೇಲೆ ಚಿಮ್ಮುತ್ತದೆ, ಇಲ್ಲವೇ ಹಡಗಿನ ಅಡಿಯಲ್ಲಿ ಹಾದುಹೋಗುತ್ತದೆ. ಡೆಕ್ ಮೇಲಿನ ತೋಪಿನ ಬಳಿ ನಿಲ್ಲುವುದೇ ಅಸಾಧ್ಯ. ಹಾಗೆಂದು ಸಮುದ್ರ ಕನ್ನಡಿಯಂತಿದ್ದರೂ ಕಷ್ಟ, ಪೆರಿಸ್ಕೋಪ್ ಎಳೆಯುವ ಬಿಳಿ ಗೆರೆ ದೂರದಿಂದಲೇ ಕಾಣುತ್ತದೆ. ನಮಗೆ ಇಷ್ಟವಾದದ್ದು ಸಣ್ಣ ಸಣ್ಣ ಬಿಳಿ ನೊರೆಯ ಅಲೆಗಳಿರುವ ಸಮುದ್ರ.

ಬಿರುಗಾಳಿಯಲ್ಲಿ ನಿಜವಾದ ಪರೀಕ್ಷೆ ಸ್ನಾರ್ಟ್ ಮಾಡುವಾಗ. ಬೋಟು ಪೆರಿಸ್ಕೋಪ್ ಆಳದಲ್ಲಿ ಮುಳುಗಿದ್ದು ಉಸಿರಾಟದ ಕೊಳವೆಯನ್ನು ಮಾತ್ರ ನೀರಿನ ಮೇಲೆ ಎತ್ತಿ ಡೀಸೆಲ್ ಓಡಿಸುವುದು. ಜರ್ಮನ್ನರು ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ್ದು 1944ರಿಂದ. ಆ ಕೊಳವೆಯ ತಲೆಯಲ್ಲಿ ಒಂದು ಕವಾಟ ಇರುತ್ತದೆ, ಅಲೆ ಬಂದು ಮುಚ್ಚಿದರೆ ತಾನೂ ಮುಚ್ಚಿಕೊಳ್ಳುತ್ತದೆ. ಆದರೆ ಡೀಸೆಲ್ ನಿಲ್ಲುವುದಿಲ್ಲ. ಅದಕ್ಕೆ ಗಾಳಿ ಬೇಕೇ ಬೇಕು, ಬೋಟಿನ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಕಿವಿಯಲ್ಲಿ ಟಪ್ ಎಂದು ನೋವು. ಅಲೆ ಹೋಗಿ ಕವಾಟ ತೆರೆದಾಗ ಗಾಳಿ ಭರ್ರನೆ ನುಗ್ಗುತ್ತದೆ, ಮತ್ತೆ ಟಪ್. ಮಳೆಗಾಲದ ಅರಬ್ಬಿ ಸಮುದ್ರದಲ್ಲಿ ಇದು ಗಂಟೆಗಟ್ಟಲೆ. ನೆಗಡಿ ಆದವನ ಪಾಡು ಹೇಳತೀರದು. ಕವಾಟ ತುಂಬ ಹೊತ್ತು ಮುಚ್ಚಿಯೇ ಇದ್ದರೆ ಒಳಗಿನ ಒತ್ತಡ ಇಳಿದು ಎಂಜಿನ್ ನಿಲ್ಲಿಸಲೇಬೇಕು, ಇಲ್ಲದಿದ್ದರೆ ಹೊಗೆ ಒಳಗೇ ತುಂಬುವ ಅಪಾಯ.

ಇಷ್ಟರ ಜೊತೆಗೆ ಆಳ ಹಿಡಿಯಬೇಕು. ಮೇಲ್ಮೈ ಹತ್ತಿರ ಇರುವ ಬೋಟನ್ನು ದೊಡ್ಡ ಅಲೆಗಳು ಮೇಲಕ್ಕೆ ಹೀರುತ್ತವೆ. ಕ್ಯಾಪ್ಟನ್ ಮಾಡುವ ಮೊದಲ ಕೆಲಸ, ಬೋಟನ್ನು ಬೇಕೆಂದೇ ಭಾರ ಮಾಡುವುದು. ಟ್ರಿಮ್ ಟ್ಯಾಂಕಿಗೆ ಕೆಲವು ಟನ್ ನೀರು ಹೆಚ್ಚು ತೆಗೆದುಕೊಂಡರೆ ಅಲೆ ಮೇಲೆ ಎಳೆಯುವುದಕ್ಕೂ ಭಾರ ಕೆಳಗೆ ಎಳೆಯುವುದಕ್ಕೂ ಸರಿಹೋಗುತ್ತದೆ. ಎರಡನೆಯದು, ದಿಕ್ಕು ಆರಿಸುವುದು. ಅಲೆ ಮೂತಿಗೆ ಬಂದರೆ ಬೋಟು ಏಳುತ್ತದೆ ಬೀಳುತ್ತದೆ. ಹಿಂದಿನಿಂದ ಬಂದರೆ ಇನ್ನೂ ಕೆಟ್ಟದ್ದು, ಚುಕ್ಕಾಣಿ ಹಿಡಿದವನಿಗೆ ಬೋಟು ಮಾತೇ ಕೇಳುವುದಿಲ್ಲ. ನಮ್ಮ ಕ್ಯಾಪ್ಟನ್ ಅಲೆಯನ್ನು ಪಕ್ಕೆಗೆ ತೆಗೆದುಕೊಳ್ಳುತ್ತಿದ್ದರು. ಹೊಯ್ದಾಟ ಜಾಸ್ತಿ, ಪಾತ್ರೆಗಳೆಲ್ಲ ನೆಲಕ್ಕೆ, ವಾಂತಿ ಗ್ಯಾರಂಟಿ, ಆದರೆ ಆಳ ನಿಲ್ಲುತ್ತದೆ. ಆಳ ಹಿಡಿಯುವ ರೆಕ್ಕೆಗಳನ್ನು, ಅಂದರೆ ಹೈಡ್ರೋಪ್ಲೇನ್, ಹಿಡಿದು ಕೂತ ಹುಡುಗನ ಕೈ ಪಾಳಿ ಮುಗಿಯುವಷ್ಟರಲ್ಲಿ ಮರಗಟ್ಟಿರುತ್ತಿತ್ತು.

ಇಂಥ ಹೊತ್ತಲ್ಲಿ ನನ್ನ ಸೋನಾರ್‌ನಲ್ಲಿ ಏನು ಕೇಳಿಸುತ್ತದೆ ಎಂದು ಕೇಳಿದರೆ, ಸೋ ಎಂಬ ಒಂದೇ ಸದ್ದು. ಮಳೆ ಹನಿ ನೀರಿಗೆ ಬೀಳುವ ಸದ್ದು ಅಷ್ಟು ಜೋರಾಗಿರುತ್ತದೆ ಎಂದು ಮೇಲಿನವರಿಗೆ ಗೊತ್ತೇ ಆಗುವುದಿಲ್ಲ. ಅದರ ಮೇಲೆ ನಮ್ಮದೇ ಡೀಸೆಲ್. ಆಗ ನಾನು ಕ್ಯಾಪ್ಟನ್‌ಗೆ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ. ಅವರಿಗೂ ಅದು ಗೊತ್ತಿತ್ತು, ಶತ್ರುವಿನ ಸೋನಾರ್‌ನವನೂ ನನ್ನ ಹಾಗೇ ಕೂತಿರುತ್ತಾನೆ ಎನ್ನುವುದೂ ಗೊತ್ತಿತ್ತು. ಅದಕ್ಕೇ ಬ್ಯಾಟರಿ ತುಂಬಿಸಲು ಅವರು ಮಳೆ ಜೋರಾಗುವುದನ್ನೇ ಕಾಯುತ್ತಿದ್ದರು.

ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಜರ್ಮನ್ನರು ನಮ್ಮ ಕಡೆಗೂ ಬಂದಿದ್ದರು. 1943ರ ಬೇಸಿಗೆಯಲ್ಲಿ ಯುರೋಪಿನಿಂದ ಹಿಂದೂ ಮಹಾಸಾಗರಕ್ಕೆ ಯು-ಬೋಟುಗಳ ಒಂದು ಗುಂಪು ಹೊರಟಿತು, ಹೆಸರೇ ಮಾನ್ಸೂನ್ ಗುಂಪು. ನೈಋತ್ಯ ಮಳೆಗಾಲ ಮುಗಿಯುತ್ತಿದ್ದಂತೆ, ಸೆಪ್ಟೆಂಬರ್ ಕೊನೆಗೆ, ಅರಬ್ಬಿ ಸಮುದ್ರದಲ್ಲಿ ಒಟ್ಟಿಗೆ ಏಟು ಕೊಡುವ ಯೋಜನೆ. ಹೊರಟವುಗಳಲ್ಲಿ ಅರ್ಧಕ್ಕೂ ಕಡಿಮೆ ಬೋಟುಗಳು ಇಲ್ಲಿಗೆ ತಲುಪಿದವು, ಉಳಿದವು ಅಟ್ಲಾಂಟಿಕ್‌ನಲ್ಲೇ ಹೋದವು ಇಲ್ಲವೇ ಹಿಂದಿರುಗಿದವು. ಬಂದವು ಮಾರಿಷಸ್‌ನ ಆಚೆ ಎಣ್ಣೆ ತುಂಬಿಸಿಕೊಂಡು ನಮ್ಮ ಪಶ್ಚಿಮ ಕರಾವಳಿಯಾಚೆ, ಓಮನ್ ಕಡೆ ಬೇಟೆಗೆ ಇಳಿದು, ಆಮೇಲೆ ಒಂದನ್ನು ಬಿಟ್ಟು ಉಳಿದವು ಮಲಯದ ಪೆನಾಂಗ್ ಬಂದರು ಸೇರಿದವು.

ಮಂಜಿರಲಿ ಮಳೆಯಿರಲಿ, ಎರಡರಲ್ಲೂ ಒಂದೇ ಥರ ಪೆಟ್ಟು ತಿನ್ನುವವನು ನ್ಯಾವಿಗೇಟರ್. ನಮ್ಮ ಕಾಲದ ಆರಂಭದಲ್ಲೂ ಜಿಪಿಎಸ್ ಇಲ್ಲ. ಸೂರ್ಯ ಇಲ್ಲ, ನಕ್ಷತ್ರ ಇಲ್ಲ ಎಂದರೆ ವೇಗ, ದಿಕ್ಕು, ಸಮಯ ಗುಣಿಸಿ ನಕ್ಷೆಯ ಮೇಲೆ ಚುಕ್ಕಿ ಇಡುವುದು. ಪ್ರವಾಹ ಎಷ್ಟು ತಳ್ಳಿತು ಎನ್ನುವುದು ಅಂದಾಜು. ಗಂಟೆಗಳು ಕಳೆದಂತೆ ಆ ಚುಕ್ಕಿಯ ಸುತ್ತ ಒಂದು ವೃತ್ತ ಬರೆದು ದೊಡ್ಡದು ಮಾಡುತ್ತ ಹೋಗಬೇಕು: ಬೋಟು ಇದರೊಳಗೆ ಎಲ್ಲೋ ಇದೆ. ಆಳ ಅಳೆಯುವ ಎಕೋ ಸೌಂಡರ್ ಇದೆ, ಆದರೆ ಅದು ಟಿಕ್ ಎಂದು ಸದ್ದು ಮಾಡುತ್ತದೆ, ಯುದ್ಧದಲ್ಲಿ ಅದನ್ನು ಒತ್ತುವ ಮೊದಲು ಎರಡು ಸಲ ಯೋಚಿಸಬೇಕು. 1942ರ ಜೂನ್‌ನಲ್ಲಿ ಅಮೆರಿಕದ ಎಸ್-27 ಅಲಾಸ್ಕದ ಅಲ್ಯೂಷಿಯನ್ ದ್ವೀಪಗಳ ಬಳಿ ರಾತ್ರಿ ಮೇಲೆ ಬಂದು ಬ್ಯಾಟರಿ ತುಂಬಿಸಿಕೊಳ್ಳುತ್ತಿತ್ತು. ಕಣ್ಣಿಗೆ ಏನೂ ಕಾಣದು, ಪ್ರವಾಹ ಮೈಲಿಗಟ್ಟಲೆ ಒಯ್ದದ್ದು ಯಾರಿಗೂ ತಿಳಿಯಲಿಲ್ಲ. ಆಮ್‌ಚಿಟ್ಕಾ ದ್ವೀಪದ ಬಂಡೆಗೆ ಹತ್ತಿತು. ಸಿಬ್ಬಂದಿ ಬದುಕಿದರು, ಬೋಟು ಹೋಯಿತು. ಶತ್ರು ಒಂದು ಗುಂಡೂ ಹಾರಿಸಿರಲಿಲ್ಲ.

ಹವೆಯ ಬಗ್ಗೆ ಮಾತಾಡುವುದೇ ಜರ್ಮನ್ನರಿಗೆ ದುಬಾರಿಯಾದದ್ದೂ ಉಂಟು. ಅಟ್ಲಾಂಟಿಕ್‌ನ ಹವೆ ತಿಳಿಯಲು ಅವರ ಬೋಟುಗಳು ಚಿಕ್ಕ ಗುಪ್ತ ಸಂಕೇತಗಳಲ್ಲಿ ವರದಿ ಕಳಿಸುತ್ತಿದ್ದವು. 1942ರ ಅಕ್ಟೋಬರ್ 30ರಂದು ಮೆಡಿಟರೇನಿಯನ್‌ನಲ್ಲಿ ಯು-559 ಮುಳುಗುತ್ತಿದ್ದಾಗ ಪೆಟಾರ್ಡ್ ಎಂಬ ಬ್ರಿಟಿಷ್ ಹಡಗಿನವರು ಅದರೊಳಗೆ ಇಳಿದು ಆ ಹವಾ ಸಂಕೇತದ ಪುಸ್ತಕವನ್ನು ಎತ್ತಿ ತಂದರು. ಒಳಗೆ ಇಳಿದಿದ್ದ ಆಂಥನಿ ಫ್ಯಾಸನ್, ಕಾಲಿನ್ ಗ್ರೇಜಿಯರ್ ಇಬ್ಬರೂ ಬೋಟಿನೊಂದಿಗೇ ಮುಳುಗಿದರು. ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಸಂಕೇತ ಒಡೆಯುವ ಕೇಂದ್ರ ಬ್ಲೆಚ್ಲಿ ಪಾರ್ಕಿನವರು ಯು-ಬೋಟುಗಳ ನಾಲ್ಕು ಚಕ್ರದ ಗುಪ್ತಲಿಪಿ ಯಂತ್ರ ಎನಿಗ್ಮಾದ ಸಂಕೇತವನ್ನು ಮತ್ತೆ ಒಡೆದದ್ದು ಈ ಹವಾ ವರದಿಗಳನ್ನೇ ಹಿಡಿದುಕೊಂಡು.

ಹವೆ ತಿಳಿಯಾದ ಮೇಲೆ ಕ್ಯಾಪ್ಟನ್ ಏನು ಮಾಡುತ್ತಾನೆ ಎನ್ನುವುದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ನನ್ನ ಮಟ್ಟಿಗೆ ಅದೇ ಅತಿ ಅಪಾಯದ ಹೊತ್ತು. ಆಳದಿಂದ ಪೆರಿಸ್ಕೋಪ್ ಆಳಕ್ಕೆ ಏರುವ ಆ ಕೆಲವು ನಿಮಿಷ ಬೋಟಿಗೆ ಕಣ್ಣಿಲ್ಲ, ಮೇಲೆ ಯಾವ ಹಡಗಿನ ತಳ ಇದೆಯೋ ಗೊತ್ತಿಲ್ಲ. ಹಾಗಾಗಿ ನಮ್ಮಲ್ಲಿ ಕ್ರಮ ಹೀಗಿತ್ತು. ಮೊದಲು ಕೆಳಗೇ ಇದ್ದು ನಾನು ಸುತ್ತಲೂ ಕೇಳುತ್ತಿದ್ದೆ. ಬೋಟಿನ ಹಿಂಭಾಗದ ಸದ್ದು ನಮ್ಮದೇ ಪ್ರೊಪೆಲ್ಲರಿನಿಂದ ಮುಚ್ಚಿರುತ್ತದೆ, ಆದ್ದರಿಂದ ಕ್ಯಾಪ್ಟನ್ ಬೋಟನ್ನು ಒಂದು ಕಡೆ ದೊಡ್ಡದಾಗಿ ತಿರುಗಿಸಿ ಆ ಭಾಗವನ್ನೂ ನನಗೆ ಕೇಳಿಸುತ್ತಿದ್ದರು. ಹತ್ತಿರದ ಪ್ರತಿ ಸದ್ದಿನ ದಿಕ್ಕು ಸರಿಯುತ್ತಿದೆ ಎಂದು ಖಚಿತವಾದ ಮೇಲೆ ಏರಿಕೆ. ಪೆರಿಸ್ಕೋಪ್ ನೀರಿನಿಂದ ಹೊರಬಂದ ಕೂಡಲೇ ಕ್ಯಾಪ್ಟನ್ ಮೊದಲು ಒಂದು ಬೇಗನೆಯ ಸುತ್ತು, ಹತ್ತಿರದ್ದಕ್ಕೆ. ಆಮೇಲೆ ಆಕಾಶಕ್ಕೊಂದು ಸುತ್ತು, ವಿಮಾನಕ್ಕೆ. ಮೂರನೆಯದು ನಿಧಾನ, ದಿಗಂತಕ್ಕೆ. ಈ ಮೂರೂ ಸುತ್ತು ಮುಗಿಯುವವರೆಗೆ ಕಂಟ್ರೋಲ್ ರೂಮಿನಲ್ಲಿ ಬೇರೆ ಯಾರೂ ಬಾಯಿ ತೆರೆಯುವಂತಿಲ್ಲ. ಅದಾದ ಮೇಲೆ ನ್ಯಾವಿಗೇಟರ್‌ಗೆ ತನ್ನ ವೃತ್ತವನ್ನು ಮತ್ತೆ ಚುಕ್ಕಿ ಮಾಡಿಕೊಳ್ಳಲು ಅವಕಾಶ, ನಂತರ ಡೀಸೆಲ್, ನಂತರ ಗಂಟೆಗಟ್ಟಲೆ ಬ್ಯಾಟರಿ ಚಾರ್ಜ್. ಅಡುಗೆಯವನಿಗೆ ಮಾತ್ರ ಆಗ ಕೆಲಸ ಶುರು, ಬಿರುಗಾಳಿಯ ಹೊತ್ತಲ್ಲಿ ತಿನ್ನದೆ ಬಿಟ್ಟವರೆಲ್ಲ ಒಟ್ಟಿಗೇ ಹಸಿದು ಬರುತ್ತಿದ್ದರು.